ಗಗನಚುಕ್ಕಿ, ಭರಚುಕ್ಕಿಗೆ ಹೊರಡುವ ಮುಂಚೆ ಅಣೆಕಟ್ಟಿನ ನೀರು ನೋಡಿ

ಬೆಂಗಳೂರಿನಿಂದ ಶಿವನಸಮುದ್ರದ ಈ ಜೋಡಿ ಜಲಪಾತಕ್ಕೆ ಯಾವಾಗ ಹೋಗಬೇಕು ಅಂತ ಯಾರು ಕೇಳಿದರೂ ನನ್ನ ಉತ್ತರ ಒಂದೇ. ತಿಂಗಳು ನೋಡಬೇಡಿ, ಅಣೆಕಟ್ಟು ನೋಡಿ. ಇಲ್ಲಿ ಎರಡು ದಿನ ಧೋ ಅಂತ ಮಳೆ ಸುರಿದ ಕೂಡಲೇ ಜಲಪಾತ ತುಂಬಿರುತ್ತೆ ಅಂತ ಕಾರು ಹತ್ತುವವರು ಬಹಳ ಜನ. ಬೆಂಗಳೂರಿನ ಮಳೆಗೂ ಆ ಜಲಪಾತಕ್ಕೂ ಸಂಬಂಧವೇ ಇಲ್ಲ. ಅಲ್ಲಿ ಬೀಳುವುದು ಕಾವೇರಿ. ಕೊಡಗಿನಲ್ಲಿ ಮಳೆಯಾಗಿ ಕೆಆರ್‌ಎಸ್ ತುಂಬಬೇಕು, ಇಲ್ಲವೇ ವಯನಾಡಿನಲ್ಲಿ ಮಳೆಯಾಗಿ ಕಬಿನಿ ತುಂಬಬೇಕು. ಕಬಿನಿ ಬಂದು ಕಾವೇರಿಗೆ ಸೇರುವುದು ತಿ. ನರಸೀಪುರದಲ್ಲಿ, ಅಂದರೆ ಶಿವನಸಮುದ್ರಕ್ಕಿಂತ ಮೇಲೆ. ಕಬಿನಿ ಚಿಕ್ಕ ಜಲಾಶಯ, ಬೇಗ ತುಂಬುತ್ತದೆ, ಬೇಗ ಗೇಟು ತೆಗೆಯುತ್ತಾರೆ. ಹಾಗಾಗಿ ಕೆಆರ್‌ಎಸ್ ಇನ್ನೂ ತುಂಬದೆ ಇದ್ದರೂ ಕಬಿನಿಯ ನೀರಲ್ಲೇ ಜಲಪಾತಕ್ಕೆ ಕಳೆ ಬಂದಿರುತ್ತದೆ. ಇದನ್ನು ಗಮನಿಸುವವರು ಕಡಿಮೆ.

ನೋಡುವುದು ಕಷ್ಟವೇನಲ್ಲ. ಮಳೆಗಾಲದಲ್ಲಿ ಎಲ್ಲ ಪತ್ರಿಕೆಗಳಲ್ಲೂ ಜಲಾಶಯಗಳ ಮಟ್ಟ, ಒಳಹರಿವು, ಹೊರಹರಿವು ದಿನಾ ಬರುತ್ತದೆ. ಕೆಆರ್‌ಎಸ್‌ನ ಪೂರ್ಣ ಮಟ್ಟ 124.80 ಅಡಿ. ಅದರ ಹತ್ತಿರ ಬಂದಿದೆ ಅಂದರೆ ನದಿಗೆ ನೀರು ಬಿಡುವ ದಿನ ದೂರವಿಲ್ಲ. ನಾನು ನೋಡುವುದು ಹೊರಹರಿವನ್ನು. ಎರಡೂ ಅಣೆಕಟ್ಟು ಸೇರಿ ಹತ್ತು ಹದಿನೈದು ಸಾವಿರ ಕ್ಯೂಸೆಕ್‌ಗಿಂತ ಜಾಸ್ತಿ ಬಿಡುತ್ತಿದ್ದರೆ ಹೊರಡುತ್ತೇನೆ. ಅದೇ ಲೆಕ್ಕ ಲಕ್ಷದ ಹತ್ತಿರ ಹೋದರೆ ಮನೆಯಲ್ಲೇ ಇರಿ. ಆಗ ನದಿ ಪಕ್ಕದ ರಸ್ತೆಗಳನ್ನು ಮುಚ್ಚುತ್ತಾರೆ, ಹತ್ತಿರ ಬಿಡುವುದಿಲ್ಲ, ಬಿಡಲೂ ಬಾರದು. ಸಾಮಾನ್ಯವಾಗಿ ಜುಲೈ ಮಧ್ಯದಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಕಾಲ. ಆದರೆ 2023ರಂಥ ಬರದ ವರ್ಷದಲ್ಲಿ ಕೆಆರ್‌ಎಸ್ ತುಂಬಲೇ ಇಲ್ಲ. ಅಂಥ ವರ್ಷ ಆಗಸ್ಟ್ ಅಂತ ನಂಬಿ ಹೋದವರಿಗೆ ಕಾಣುವುದು ಬರೀ ಬಂಡೆ.

ನಾವು ಹೋದದ್ದು ಆಗಸ್ಟ್‌ನ ಒಂದು ವಾರಾಂತ್ಯ. ಜೊತೆಗೆ ಮಂಡಿನೋವಿನ ಅಮ್ಮ, ಶಾಲೆಗೆ ಹೋಗುವ ಮಕ್ಕಳು. ಆದ್ದರಿಂದ ಕೆಳಗೆ ಹೇಳುವುದೆಲ್ಲ ಮನೆಮಂದಿ ಜೊತೆ ಹೋಗುವವರಿಗೆ ಜಾಸ್ತಿ ಉಪಯೋಗ ಆಗಬಹುದು.

ದಾರಿ ಕನಕಪುರ ರಸ್ತೆಯೇ. ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ. ಬೆಂಗಳೂರಿನಿಂದ ಜಲಪಾತಕ್ಕೆ ಸುಮಾರು 130 ಕಿ.ಮೀ. ಬೆಳಗ್ಗೆ ಆರಕ್ಕೆ ಮುಂಚೆ ಊರು ಬಿಟ್ಟರೆ ಆರಾಮ. ಎಂಟಕ್ಕೆ ಹೊರಟರೆ ಊರು ದಾಟುವುದಕ್ಕೇ ಒಂದು ಗಂಟೆಗೂ ಜಾಸ್ತಿ ಹೋಗುತ್ತದೆ. ತಿಂಡಿ ಕನಕಪುರದಲ್ಲೇ ಮುಗಿಸಿಕೊಳ್ಳಿ, ಆಮೇಲೆ ಹೋಟೆಲು ಕಡಿಮೆ. ಸಾತನೂರು ದಾಟಿದ ಮೇಲೆ ಗುಡ್ಡ, ಕಾಡು, ನಡುವೆ ಹಿಪ್ಪುನೇರಳೆ ತೋಟ, ರಾಗಿ ಹೊಲ. ಈ ಭಾಗದಲ್ಲಿ ರೇಷ್ಮೆ ಸಾಕುವ ಮನೆಗಳು ಬಹಳ. ಕೆಲವು ಮನೆ ಮುಂದೆ ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಗಳನ್ನು, ಅಂದರೆ ಚಂದ್ರಿಕೆಗಳನ್ನು, ಸಾಲಾಗಿ ಒರಗಿಸಿರುತ್ತಾರೆ. ನಮ್ಮ ಮಕ್ಕಳು ಕೇಳಿದ್ದಕ್ಕೆ ಒಬ್ಬ ಅಜ್ಜಿ ಒಳಗೆ ಕರೆದು ಹುಳು ಸೊಪ್ಪು ತಿನ್ನುವ ಸದ್ದು ಕೇಳಿಸಿದರು. ಒಳಗೆ ಹೋಗುವ ಮುಂಚೆ ಚಪ್ಪಲಿ ಬಿಟ್ಟು ಕೈಕಾಲು ತೊಳೆಯಿರಿ, ಹುಳಕ್ಕೆ ರೋಗ ಬೇಗ ತಗಲುತ್ತದೆ. ಕರೆಯದೆ ನುಗ್ಗಬೇಡಿ.

ಹಲಗೂರಿನ ಹತ್ತಿರ ಮುತ್ತತ್ತಿಗೆ ಹೋಗುವ ದಾರಿ ಸಿಗುತ್ತದೆ. ಕಾಡಿನ ದಾರಿ, ಆಂಜನೇಯನ ಗುಡಿ, ನದಿ ದಡ, ಎಲ್ಲ ಚೆನ್ನಾಗಿದೆ. ಆದರೂ ಜಲಪಾತದ ಜೊತೆ ಅದನ್ನೂ ಅದೇ ದಿನಕ್ಕೆ ಸೇರಿಸಬೇಡಿ. ಹೋದರೂ ನೀರಿಗೆ ಇಳಿಯಬೇಡಿ. ಅಲ್ಲಿ ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಸುಳಿ ಇದೆ. ಈಜು ಬರುವ ಹುಡುಗರೇ ಹೋಗಿಬಿಟ್ಟಿದ್ದಾರೆ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಮಳವಳ್ಳಿಯಿಂದ ಕೊಳ್ಳೇಗಾಲದ ರಸ್ತೆಯಲ್ಲಿ ಮುಂದೆ ಹೋಗಿ ಎಡಕ್ಕೆ ತಿರುಗಿದರೆ ಗಗನಚುಕ್ಕಿ. ಊರವರನ್ನು ದಾರಿ ಕೇಳಿದರೆ 'ಬ್ಲಫ್' ಅನ್ನುತ್ತಾರೆ, ಗಾಬರಿ ಬೇಡ, ಅದೇ ಜಾಗ. ವೀಕ್ಷಣಾ ಕಟ್ಟೆಯಿಂದ ನೋಡಿದರೆ ಎದುರಿಗೆ ಇಡೀ ಬೆಟ್ಟದ ಮೈಮೇಲೆ ನದಿ ಹರಡಿಕೊಂಡು ಧುಮುಕುತ್ತದೆ. ಹೋಗುವ ಮುಂಚೆ ತಿಳಿದಿರಲಿ, ಇದು ದೂರದಿಂದ ನೋಡುವ ಜಲಪಾತ. ಮಧ್ಯೆ ಆಳವಾದ ಕಣಿವೆ ಇದೆ. ಅಮ್ಮನಂಥವರಿಗೆ ಇದೇ ಅನುಕೂಲ, ಗಾಡಿ ಹತ್ತಿರದವರೆಗೆ ಹೋಗುತ್ತದೆ, ಜಾಸ್ತಿ ನಡೆಯಬೇಕಿಲ್ಲ. ಬೇಲಿ ದಾಟಿ ಕೆಳಗಿನ ಬಂಡೆಗೆ ಇಳಿದು ಫೋಟೊ ತೆಗೆಯುವವರು ಈಗಲೂ ಇದ್ದಾರೆ. ಪಾಚಿ ಕಟ್ಟಿದ ಬಂಡೆ ಅದು. ದಯವಿಟ್ಟು ಬೇಡ.

ಅಲ್ಲಿ ಮಕ್ಕಳಿಗೆ ವಿದ್ಯುತ್ ಕೇಂದ್ರದ ಕತೆ ಹೇಳಿ. ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶುರುವಾದ ಕೆಲಸ. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ನಮ್ಮ ಊರಿನ ಮೊದಲ ಬೆಳಕು ಈ ನೀರಿನದು ಅಂತ ತಿಳಿದಾಗ ಮಕ್ಕಳು ಜಲಪಾತ ನೋಡುವ ರೀತಿಯೇ ಬೇರೆಯಾಯಿತು. ಬೇಸಿಗೆಯಲ್ಲಿ ಜಲಪಾತ ಒಣಗಿದ ಹಾಗೆ ಕಾಣುವುದಕ್ಕೂ ಇದೇ ಒಂದು ಕಾರಣ. ಮೇಲೆ ಕಟ್ಟೆ ಕಟ್ಟಿ ನೀರನ್ನು ಕಾಲುವೆಗೆ ತಿರುಗಿಸಿ ಕೇಂದ್ರಕ್ಕೆ ಒಯ್ಯುತ್ತಾರೆ, ಮಿಕ್ಕಿದ್ದು ಮಾತ್ರ ಬಂಡೆ ಮೇಲಿಂದ ಬೀಳುತ್ತದೆ.

ಭರಚುಕ್ಕಿ ಪಕ್ಕದಲ್ಲೇ ಇದೆ, ನಡೆದು ಹೋಗಬಹುದು ಅಂದುಕೊಳ್ಳಬೇಡಿ. ಕಾವೇರಿ ಇಲ್ಲಿ ಎರಡು ಕವಲಾಗಿ ನಡುವೆ ದ್ವೀಪ ಮಾಡಿದೆ. ಪಡುವಣ ಕವಲು ಗಗನಚುಕ್ಕಿ, ಮೂಡಣ ಕವಲು ಭರಚುಕ್ಕಿ. ಗಗನಚುಕ್ಕಿ ಇರುವುದು ಮಂಡ್ಯ ಜಿಲ್ಲೆಯ ಕಡೆ, ಭರಚುಕ್ಕಿ ಚಾಮರಾಜನಗರ ಜಿಲ್ಲೆಯ ಕಡೆ. ಮತ್ತೆ ದೊಡ್ಡ ರಸ್ತೆಗೆ ಬಂದು, ನದಿ ದಾಟಿ, ಸತ್ತೇಗಾಲ ಹ್ಯಾಂಡ್‌ಪೋಸ್ಟ್‌ನಲ್ಲಿ ಎಡಕ್ಕೆ ತಿರುಗಿ ಹೋಗಬೇಕು, ಹತ್ತು ಹದಿನೈದು ಕಿ.ಮೀ. ಸುತ್ತು. ಬಸ್ಸಿನಲ್ಲಿ ಬರುವವರು ಕೊಳ್ಳೇಗಾಲದ ಬಸ್ ಹಿಡಿದು ಈ ಹ್ಯಾಂಡ್‌ಪೋಸ್ಟ್‌ನಲ್ಲೇ ಇಳಿದು ಆಟೊ ಮಾಡಿಕೊಳ್ಳುವುದು ಒಳ್ಳೆಯದು. ಹೋಗಿ ಬರುವುದಕ್ಕೆ, ಕಾಯುವುದಕ್ಕೆ ಎಲ್ಲ ಸೇರಿಸಿ ಮೊದಲೇ ರೇಟು ಮಾತಾಡಿ. ವಾಪಸ್ ಬರುವಾಗ ಅಲ್ಲಿ ಆಟೊ ಸಿಗುವುದು ಕಷ್ಟ.

ಒಂದೇ ಜಲಪಾತಕ್ಕೆ ಟೈಮ್ ಇದ್ದರೆ ಯಾವುದು ಅಂತ ಕೇಳುತ್ತಾರೆ. ನಾನು ಭರಚುಕ್ಕಿ ಅನ್ನುತ್ತೇನೆ. ಅಗಲವಾಗಿ, ಸಾಲು ಸಾಲಾಗಿ ಬೀಳುವ ನೀರು, ಮಧ್ಯೆ ಹಸಿರು ಗಿಡ. ನೀರು ಜೋರಾಗಿದ್ದಾಗ ತುಂತುರು ಮೇಲಿನ ಕಟ್ಟೆಗೂ ಬಂದು ಮುಖಕ್ಕೆ ತಾಗುತ್ತದೆ. ಕೆಳಗಿಳಿಯಲು ಮೆಟ್ಟಿಲಿದೆ, ಆದರೆ ಹರಿವು ಜಾಸ್ತಿ ಇದ್ದಾಗ ಇಳಿಯಲು ಬಿಡುವುದಿಲ್ಲ. ಬಿಟ್ಟ ದಿನವೂ ಮಂಡಿನೋವು ಇರುವವರು ಮೇಲೇ ಕೂರಲಿ, ನೋಟ ಮೇಲಿಂದಲೇ ಚೆನ್ನ. ತೆಪ್ಪ ನಡೆಯುವ ದಿನ ಲೈಫ್ ಜಾಕೆಟ್ ಕೊಡದಿದ್ದರೆ ಹತ್ತಬೇಡಿ. ಕೋತಿಗಳಿವೆ, ಕೈಯಲ್ಲಿ ಚಿಪ್ಸ್ ಪ್ಯಾಕೆಟ್ ಕಂಡರೆ ಬಿಡುವುದಿಲ್ಲ. ನನಗೆ ನಿಜಕ್ಕೂ ಹೊಟ್ಟೆ ಉರಿದದ್ದು ಕಟ್ಟೆಯ ಕೆಳಗೆ ಬಿದ್ದಿದ್ದ ಪ್ಲಾಸ್ಟಿಕ್ ತಟ್ಟೆ, ಬಾಟಲಿ ನೋಡಿ. ಅದನ್ನು ಎಸೆದವರು ನಮ್ಮ ಹಾಗೆ ಬೆಂಗಳೂರಿನಿಂದ ಹೋದವರೇ. ಗಾಡಿಯಲ್ಲಿ ಒಂದು ಖಾಲಿ ಚೀಲ ಇಟ್ಟುಕೊಳ್ಳಿ, ನಿಮ್ಮ ಕಸ ನಿಮ್ಮ ಜೊತೆ ವಾಪಸ್ ಬರಲಿ.

ದಾರಿಯಲ್ಲೇ ರಂಗನಾಥನ ಗುಡಿ ಇದೆ. ಶ್ರೀರಂಗಪಟ್ಟಣದ ಆದಿರಂಗ, ಶ್ರೀರಂಗದ ಅಂತ್ಯರಂಗರ ನಡುವೆ ಇವನು ಮಧ್ಯರಂಗ. ನದಿಗೆ ಅಡ್ಡವಾಗಿ ಕಲ್ಲುಕಂಬಗಳ ಹಳೇ ಸೇತುವೆಯೂ ಕಾಣುತ್ತದೆ. ಅದರ ಮೇಲೆ ಹೋಗದೆ ಪಕ್ಕದಿಂದಲೇ ನೋಡಿ.

ರಾತ್ರಿ ಉಳಿಯುವುದು ಬೇಕೇ ಬೇಕು ಅಂತ ನನ್ನ ಅಭಿಪ್ರಾಯ. ಒಂದೇ ದಿನದಲ್ಲಿ ಎರಡು ಜಲಪಾತ, ತಲಕಾಡು, ಸೋಮನಾಥಪುರ ಎಲ್ಲ ಮುಗಿಸುವ ಪ್ಯಾಕೇಜುಗಳಿವೆ. ಅದರಲ್ಲಿ ನೋಡುವುದು ಬರೀ ಪಾರ್ಕಿಂಗು. ತಲಕಾಡಿನ ನದಿ ದಡದಲ್ಲಿ ರೆಸಾರ್ಟ್ ಇದೆ, ಮಳವಳ್ಳಿ, ಕೊಳ್ಳೇಗಾಲದಲ್ಲಿ ಸಾಧಾರಣ ಲಾಡ್ಜುಗಳಿವೆ. ನೀರು ಬಿಟ್ಟ ಸುದ್ದಿ ಬಂದ ಕೂಡಲೇ ಶನಿವಾರದ ರೂಮು ತುಂಬಿಬಿಡುತ್ತವೆ, ಮೊದಲೇ ಫೋನ್ ಮಾಡಿ. ಊಟಕ್ಕೆ ಮಳವಳ್ಳಿ ಕಡೆಯ ಯಾವುದಾದರೂ ಸಣ್ಣ ಹೋಟೆಲಿನಲ್ಲಿ ಮುದ್ದೆ ಕೇಳಿ. ಜೊತೆಗೆ ಬಸ್ಸಾರೋ ಉಪ್ಸಾರೋ ಸಿಕ್ಕರೆ ಬಿಡಬೇಡಿ. ಮಾಂಸ ತಿನ್ನುವವರಿಗೆ ನಾಟಿಕೋಳಿ ಸಾರು. ಬನ್ನೂರು ಕುರಿಯ ಹೆಸರು ಕೇಳಿಯೇ ಇರುತ್ತೀರಿ, ಆ ಬನ್ನೂರೂ ಇದೇ ಸುತ್ತಿನಲ್ಲಿದೆ.

ಎರಡನೇ ದಿನ ಬೆಳಗ್ಗೆ ತಲಕಾಡು. ಬೆಳಕವಾಡಿ ಕಡೆಯಿಂದ ಹಳ್ಳಿ ರಸ್ತೆ ಹಿಡಿದು ಹೋದೆವು. ಈ ಪ್ರವಾಸದಲ್ಲಿ ನನಗೆ ಜಲಪಾತದಷ್ಟೇ ಇಷ್ಟವಾದದ್ದು ಈ ರಸ್ತೆ. ನಾಲೆ, ನಾಟಿ ಹಾಕಿದ ಗದ್ದೆ, ಕಬ್ಬು, ತೆಂಗು, ಎತ್ತಿನ ಗಾಡಿ. ಆಲೆಮನೆಯ ಹೊಗೆ ಕಂಡರೆ ನಿಲ್ಲಿಸಿ, ಕೇಳಿಕೊಂಡು ಒಳಗೆ ಹೋಗಿ. ಕೊಪ್ಪರಿಗೆಯಿಂದ ಆಗಷ್ಟೇ ಇಳಿಸಿದ ಬಿಸಿ ಬೆಲ್ಲ ತಿಂದವರಿಗೇ ಅದರ ರುಚಿ ಗೊತ್ತು. ಮನೆಗೂ ಅಲ್ಲೇ ಬೆಲ್ಲ ಕೊಳ್ಳಿ. ರಸ್ತೆ ಕಿರಿದು, ಕಬ್ಬಿನ ಟ್ರ್ಯಾಕ್ಟರ್ ಬಂದರೆ ನೀವೇ ಪಕ್ಕಕ್ಕೆ ನಿಲ್ಲಬೇಕು. ಡಿಸೆಂಬರ್, ಜನವರಿಯಲ್ಲಿ ಹೋಗುವವರಿಗೆ ಇನ್ನೊಂದು ಮಾತು: ಆಗ ಹುರುಳಿ, ರಾಗಿ ತೆನೆಯನ್ನು ರಸ್ತೆ ಮೇಲೇ ಹರಡಿರುತ್ತಾರೆ. ಬೈಕು ಅದರ ಮೇಲೆ ಜಾರುತ್ತದೆ. ಕಾರಿನ ಅಡಿಗೆ ಒಣ ಹುರುಳಿ ಬಳ್ಳಿ ಸುತ್ತಿಕೊಂಡರೆ ಬೆಂಕಿ ಹತ್ತುವ ಅಪಾಯವಿದೆ. ದಾಟಿದ ಮೇಲೆ ಇಳಿದು ಬಗ್ಗಿ ನೋಡಿ, ಸಿಕ್ಕಿಕೊಂಡಿದ್ದರೆ ಕಿತ್ತುಹಾಕಿ.

ತಲಕಾಡಿನಲ್ಲಿ ಮರಳಿನ ಮೇಲೆ ಚಪ್ಪಲಿ ಇಲ್ಲದೆ ನಡೆಯಬೇಕು. ಬಿಸಿಲೇರಿದರೆ ಪಾದ ಸುಡುತ್ತದೆ, ಅದಕ್ಕೇ ಒಂಬತ್ತರೊಳಗೆ ಹೋಗಿ. ವಯಸ್ಸಾದವರಿಗೆ ಹಳೇ ಕಾಲುಚೀಲ ಇದ್ದರೆ ಒಳ್ಳೆಯದು. ಮರಳಿನಲ್ಲಿ ಹೂತಿರುವ ಗುಡಿಗಳಿಗೆ ಮೆಟ್ಟಿಲಿಳಿದು ಹೋಗಬೇಕು. ಅಮ್ಮನಿಗೆ ಎಲ್ಲ ಕಡೆ ಆಗಲಿಲ್ಲ, ವೈದ್ಯೇಶ್ವರನ ಗುಡಿ ನೋಡಿ ನೆರಳಲ್ಲಿ ಕೂತರು. ವಿಷ್ಣುವರ್ಧನ ಚೋಳರನ್ನು ಗೆದ್ದ ನೆನಪಿಗೆ 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣ ಗುಡಿಯನ್ನೂ ತಪ್ಪಿಸಬೇಡಿ. ತಲಕಾಡು ಮರಳಾಗಲಿ ಅಂತ ಅಲಮೇಲಮ್ಮ ಶಾಪ ಕೊಟ್ಟ ಕತೆ ನಮಗೆಲ್ಲ ಗೊತ್ತು. ಮೇಲ್ಗಡೆ ಮಾಧವಮಂತ್ರಿ ಕಟ್ಟೆ ಕಟ್ಟಿದ ಮೇಲೆ ನದಿಪಾತ್ರದ ಮರಳು ಬಯಲಾಗಿ, ಗಾಳಿಗೆ ಹಾರಿ ಬಂದು ಊರನ್ನು ಮುಚ್ಚಿತು ಅನ್ನುವವರೂ ಇದ್ದಾರೆ. ಸ್ನಾನಕ್ಕೆ ಇಲ್ಲಿಯ ದಡ ಆಳವಿಲ್ಲ, ಬೇಸಿಗೆಯಲ್ಲಿ ಮಕ್ಕಳು ಆಡಬಹುದು. ಆದರೆ ಜಲಪಾತಕ್ಕೆ ಒಳ್ಳೆಯ ದಿನ ಅಂದರೆ ಇಲ್ಲಿ ಸ್ನಾನಕ್ಕೆ ಕೆಟ್ಟ ದಿನ. ಮೇಲಿಂದ ನೀರು ಬಿಟ್ಟಾಗ ಮಟ್ಟ ಏರುವುದು ಗೊತ್ತೇ ಆಗುವುದಿಲ್ಲ.

ಸೋಮನಾಥಪುರಕ್ಕೆ ಕನಿಷ್ಠ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಹೊಯ್ಸಳರ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಹದಿಮೂರನೇ ಶತಮಾನದಲ್ಲಿ ಕಟ್ಟಿಸಿದ ಗುಡಿ. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿಗೆ ಸೇರಿದೆ. ಹೊರಗೋಡೆಯ ಕೆಳಸಾಲಿನಲ್ಲಿ ಆನೆ, ಕುದುರೆ, ಅದರ ಮೇಲೆ ರಾಮಾಯಣ, ಭಾಗವತ, ಮಹಾಭಾರತದ ಕತೆ. ಮಕ್ಕಳನ್ನು ಸುತ್ತು ಹಾಕಿಸುತ್ತಾ ಕತೆ ಗುರುತಿಸಲು ಹೇಳಿ. ಒಳಗೆ ಹೋದರೆ ಕತ್ತೆತ್ತಿ ಛಾವಣಿ ನೋಡಿ, ಒಂದೊಂದು ಅಂಕಣದ ಕೆತ್ತನೆಯೂ ಬೇರೆ ಬೇರೆ. ಕತ್ತಲಿರುತ್ತದೆ, ಗೈಡ್ ಟಾರ್ಚ್ ಹಾಕಿ ತೋರಿಸಿದರೆ ಕಾಣುವುದೇ ಬೇರೆ. ಗೈಡ್‌ಗೆ ಕೊಟ್ಟ ದುಡ್ಡು ಖಂಡಿತ ದಂಡ ಅಲ್ಲ.

ಎಲ್ಲ ಸೇರಿ ಸುಮಾರು 350 ಕಿ.ಮೀ. ಆಗುತ್ತದೆ, ಪೆಟ್ರೋಲನ್ನು ಮಳವಳ್ಳಿಯಲ್ಲಿ ನೋಡಿಕೊಂಡರೆ ಸಾಕು. ಸಣ್ಣ ನೋಟುಗಳು ಕೈಯಲ್ಲಿರಲಿ, ಹಳ್ಳಿ ಕಡೆ ನೆಟ್‌ವರ್ಕ್ ಕೈಕೊಟ್ಟರೆ ಎಳನೀರಿಗೂ ದುಡ್ಡು ಕೊಡಲಾಗುವುದಿಲ್ಲ. ವಾಪಸ್ ಬರುವಾಗ ಬನ್ನೂರು, ಮಳವಳ್ಳಿ ಮೇಲೆ ಕನಕಪುರ ರಸ್ತೆಗೇ ಬನ್ನಿ. ಮದ್ದೂರು ವಡೆ ತಿನ್ನಬೇಕು ಅಂದರೆ ಮಳವಳ್ಳಿಯಿಂದ ಮದ್ದೂರಿಗೂ ರಸ್ತೆ ಇದೆ, ಆದರೆ ಭಾನುವಾರ ಸಂಜೆ ಮೈಸೂರಿನಿಂದ ಬರುವವರೆಲ್ಲ ಆ ಕಡೆಯೇ ಇರುತ್ತಾರೆ. ಮಧ್ಯಾಹ್ನ ಮೂರಕ್ಕೆ ಸೋಮನಾಥಪುರ ಬಿಟ್ಟರೆ ಕಾಡಿನ ದಾರಿಯನ್ನು ಬೆಳಕಿರುವಾಗಲೇ ದಾಟಬಹುದು.