ಪ್ರಿಂಟರಿಗೂ ನೋಟಿಸ್

ಇವತ್ತು ಒಂದು ಪೈರಸಿ ನೋಟಿಸ್ (ನಿಮ್ಮ ಕನೆಕ್ಷನ್ನಿನಿಂದ ಕದ್ದ ಫೈಲ್ ಹಂಚಿದ್ದಾರೆ ಅನ್ನೋ ದೂರು) ಕಣ್ಣಿಗೆ ಬಿತ್ತು.
ಫೈಲಿನ ಹೆಸರು, ಐಪಿ ವಿಳಾಸ (ಇಂಟರ್ನೆಟ್ ಕನೆಕ್ಷನ್ನಿನ ನಂಬರು), ಪೋರ್ಟ್ ನಂಬರು (ಆ ವಿಳಾಸದೊಳಗೆ ಒಂದೊಂದು ಸಂಪರ್ಕವನ್ನ ಗುರುತಿಸೋದು), ತಾರೀಖು, ಗಂಟೆ. ಅಷ್ಟೇ. ಮನುಷ್ಯರ ಹೆಸರು ಎಲ್ಲೂ ಇಲ್ಲ.

ಹೆಸರು ಹುಡುಕೋದು ಇಂಟರ್ನೆಟ್ ಕಂಪನಿಯ ಕೆಲಸ. ಆ ಹೊತ್ತಿಗೆ ಆ ಐಪಿ ಯಾರ ಮನೇಲಿತ್ತು ಅಂತ ಲಾಗ್ ತೆಗೆದು ನೋಡಬೇಕು. ಗಂಟೆ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತೆ, ಅಂದ್ರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ. ಅದನ್ನ ಸ್ಥಳೀಯ ಗಂಟೆ ಅಂತ ಓದಿದರೋ, ಯಾರದೋ ತಪ್ಪಿಗೆ ಇನ್ಯಾರಿಗೋ ಏಟು. ಒಂದೇ ಐಪಿಯನ್ನ ಹತ್ತಾರು ಮನೆಗೆ ಹಂಚಿದ್ದರಂತೂ ಪೋರ್ಟ್ ನಂಬರಿಲ್ಲದ ನೋಟಿಸು ಬರೀ ರದ್ದಿ.

2008ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಬೇಕಂತಲೇ ಒಂದು ಪ್ರಿಂಟರಿನ ಐಪಿಯನ್ನ ಟೊರೆಂಟ್ ಟ್ರ್ಯಾಕರಿಗೆ (ಒಂದು ಫೈಲನ್ನ ತಮ್ಮತಮ್ಮಲ್ಲೇ ಹಂಚಿಕೊಳ್ಳೋರ ಐಪಿ ಪಟ್ಟಿ ಇಡೋ ಸರ್ವರಿಗೆ) ಕೊಟ್ಟರು.
ಪ್ರಿಂಟರ್ ಮೇಲೇ ದೂರು ಬಂತು!
ಹಕ್ಕುದಾರರ ಪರವಾಗಿ ನಿಗಾ ಇಡೋರು ಟ್ರ್ಯಾಕರಿನ ಪಟ್ಟಿ ನಂಬಿಬಿಟ್ಟಿದ್ದರು. ಆ ಐಪಿಗೆ ಕನೆಕ್ಟ್ ಆಗಿ, ಫೈಲಿನ ಒಂದು ತುಣುಕಾದರೂ ಸಿಗುತ್ತಾ ಅಂತ ನೋಡಿರಲಿಲ್ಲ.

ಅಮೆರಿಕದಲ್ಲಿ 2013ರಿಂದ 2017ರವರೆಗೆ ಐದು ದೊಡ್ಡ ಇಂಟರ್ನೆಟ್ ಕಂಪನಿಗಳು 'ಆರು ಎಚ್ಚರಿಕೆ' ಪದ್ಧತಿ ನಡೆಸಿದವು. ಕೊನೆಕೊನೆಗೆ ಸ್ಪೀಡ್ ಇಳಿಸೋವರೆಗೂ ಹೋಗಬಹುದಿತ್ತು. ನಾನಲ್ಲ ಅನ್ನೋಕೆ 35 ಡಾಲರ್ ಶುಲ್ಕ, ಗೆದ್ದರೆ ವಾಪಸ್. (ತಪ್ಪಿಲ್ಲದವರೂ ಮೊದಲು ದುಡ್ಡು ಬಿಚ್ಚಬೇಕು, ನೋಡಿ.) ಫ್ರಾನ್ಸ್ ಕನೆಕ್ಷನ್ ಕಡಿಯೋ ಶಿಕ್ಷೆಯನ್ನ 2013ರಲ್ಲೇ ಕೈಬಿಟ್ಟಿತು, ದಂಡ ಮಾತ್ರ ಉಳಿಸಿಕೊಂಡಿತು.

ನೋಟಿಸ್ ಬಂದರೆ ಮೊದಲು ರೌಟರಿನ ಪೇಜ್ ತೆಗೆದು ಯಾವ್ಯಾವ ಸಾಧನ ಕೂತಿದೆ ನೋಡಿ. ವೈಫೈ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ (ಬಟನ್ ಒತ್ತಿ ಅಥವಾ ಪಿನ್ ಹಾಕಿ ವೈಫೈಗೆ ಸೇರೋ ಸೌಲಭ್ಯ) ಆಫ್ ಮಾಡಿ. ಟೊರೆಂಟ್ ಕ್ಲೈಂಟ್ ಇದ್ದರೆ ಅದನ್ನೂ ಪೂರ್ತಿ ಮುಚ್ಚಿ. ಡೌನ್‌ಲೋಡ್ ಮುಗಿದ ಮೇಲೂ ಅದು ಹಿಂದೆ ಕೂತು ಸೀಡ್ ಮಾಡ್ತಾನೇ, ಅಂದ್ರೆ ಫೈಲನ್ನ ಬೇರೆಯವರಿಗೆ ಕಳಿಸ್ತಾನೇ ಇರುತ್ತೆ.