ಹೌದು, ಒಬ್ಬನೇ ಹೋಗ್ತೇನೆ, ಮಕ್ಕಳಿಲ್ಲದೆ

"ಮಕ್ಕಳನ್ನು ಕರಕೊಂಡು ಹೋಗಿದ್ರಾ?" ಥಿಯೇಟರಿಗೆ ಹೋಗಿ ಕಾರ್ಟೂನು ಸಿನಿಮಾ ನೋಡಿ ಬಂದೆ ಅಂದರೆ ಸಭ್ಯರು ಕೇಳುವ ಕ್ರಮ ಇದು. ಇಲ್ಲ ಅಂದ ಕೂಡಲೇ ಎರಡನೆಯದು ಬರುತ್ತದೆ: "ಮತ್ತೆ ನಿಮಗೆಂತ ಮಾರ್ರೆ ಕಾರ್ಟೂನು, ಈ ಪ್ರಾಯದಲ್ಲಿ?" ಆಫೀಸಿನಲ್ಲಿ ಕೇಳುತ್ತಾರೆ, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವಾಗ ಕೇಳುತ್ತಾರೆ, ಮದುವೆ ಊಟದಲ್ಲಿ ಸಾರಿಗೂ ಪಾಯಸಕ್ಕೂ ನಡುವೆ ಕೇಳುತ್ತಾರೆ. ಒಮ್ಮೆ ಟಿಕೆಟ್ ಕೌಂಟರಿನ ಹುಡುಗ ನನ್ನ ಬೆನ್ನ ಹಿಂದೆ ಇಣುಕಿ ನೋಡಿದ, ಪಾಪ, ಮಕ್ಕಳು ಎಲ್ಲಿಯಾದರೂ ತಪ್ಪಿಸಿಕೊಂಡವೋ ಏನೋ ಎಂಬ ಹಾಗೆ.

ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು.

ಮೊದಲಿಗೆ ಆ 'ಪ್ರಾಯ'ದ ವಿಷಯ. ಕೇಳುವ ಇದೇ ಮಹಾಶಯರು ರಾತ್ರಿಯಿಡೀ ಬಯಲಾಟ ನೋಡಿ, ಬಣ್ಣದ ವೇಷದ ಅಬ್ಬರಕ್ಕೆ ಬಾಯಿ ಬಿಟ್ಟು ಕೂತು, ಬೆಳಿಗ್ಗೆ ಕೆಂಪು ಕಣ್ಣಲ್ಲಿ ಕೆಲಸಕ್ಕೆ ಬರುತ್ತಾರೆ. ಅಲ್ಲಿ ಪ್ರಾಯದ ಲೆಕ್ಕ ಇಲ್ಲ. ಇರಲಿ, ಅವರನ್ನು ಬೈದು ನನಗೆಂತ ಆಗಬೇಕು.

1993ರ ಹೊತ್ತು. ಆದಿತ್ಯವಾರ ಬೆಳಿಗ್ಗೆ ದೂರದರ್ಶನದಲ್ಲಿ 'ಜಂಗಲ್ ಬುಕ್' ಕಾರ್ಟೂನು ಬರುತ್ತಿತ್ತು, ತೋಳಗಳು ಸಾಕಿದ ಹುಡುಗ ಮೋಗ್ಲಿಯದ್ದು. ಉಡುಪಿ ಹತ್ತಿರದ ನಮ್ಮ ವಠಾರಕ್ಕೆಲ್ಲ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಒಬ್ಬ ಹೊರಗೆ ನಿಂತು ಆಂಟೆನಾ ಕಟ್ಟಿದ ಅಡಿಕೆ ಕಂಬ ತಿರುಗಿಸುವುದು, ಒಳಗಿನಿಂದ ನಾವು "ಬಂತು, ಬಂತು... ಹೋಯ್ತು" ಅಂತ ಕೂಗುವುದು. ಸಗಣಿ ಸಾರಿಸಿದ ನೆಲದಲ್ಲಿ ಹತ್ತು ಹದಿನೈದು ಮಕ್ಕಳು. ಮಾತೆಲ್ಲ ಹಿಂದಿ. ನಮ್ಮಲ್ಲಿ ಹಿಂದಿ ಬರುತ್ತಿದ್ದದ್ದು ಆರನೇ ಕ್ಲಾಸಿನಲ್ಲಿದ್ದ ನನ್ನ ಅಣ್ಣನಿಗೆ ಮಾತ್ರ. ಹಾಗಾಗಿ ಅವನು ಟಿವಿಯ ಪಕ್ಕ ನಮ್ಮ ಕಡೆ ಮುಖ ಮಾಡಿ ಕೂತು, ಒಂದೊಂದು ಮಾತನ್ನೂ ತುಳುವಿಗೆ ಮಾಡಿ ಹೇಳುತ್ತಿದ್ದ.

ಶೇರ್ ಖಾನ್‌ಗೆ ಹಿಂದಿಯಲ್ಲಿ ದನಿ ಕೊಟ್ಟದ್ದು ನಾನಾ ಪಾಟೇಕರ್ ಅಂತ ಆಮೇಲೆ ಗೊತ್ತಾಯಿತು. ನನಗೆ ಇವತ್ತಿಗೂ ಆ ಹುಲಿಯದ್ದು ಅಣ್ಣನ ದನಿಯೇ. ಅವನು ಹೇಳಿದ ಪ್ರಕಾರ ಶೇರ್ ಖಾನ್ ಅಂದರೆ ಬೊಂಬಾಯಿಯ ಹೋಟೆಲಿನ ಧಣಿ. ಮೋಗ್ಲಿಯ ಅಪ್ಪ ಅಲ್ಲಿ ಕೆಲಸಕ್ಕಿದ್ದಾನೆ, ಧಣಿ ರಜೆ ಕೊಡುವುದಿಲ್ಲ. ತೋಳಗಳ ಹಿರಿಯ ಊರಿನ ಗುರಿಕಾರ. ಅವನು ರಜೆ ಕೇಳಲು ಧಣಿಯ ಹತ್ತಿರ ಹೋಗುತ್ತಾನೆ, ಜಗಳ ಆಗುತ್ತದೆ. ವಾರವಾರವೂ ರಜೆ ಇನ್ನೇನು ಸಿಕ್ಕಿತು ಅನ್ನುವಷ್ಟರಲ್ಲಿ ಹಾಡು ಬಂದು ಮುಗಿಯುತ್ತಿತ್ತು.

ನಮ್ಮ ಅಪ್ಪ ಬೊಂಬಾಯಿಯ ಹೋಟೆಲಿನಲ್ಲಿದ್ದರು. ವರ್ಷಕ್ಕೊಮ್ಮೆ ಬರುತ್ತಿದ್ದರು, ಮೇ ತಿಂಗಳಲ್ಲಿ, ರಜೆ ಸಿಕ್ಕಿದರೆ.

ದೊಡ್ಡವನಾದ ಮೇಲೆ, ಹಿಂದಿ ಕಲಿತು, ಅದನ್ನು ಪುನಃ ಹುಡುಕಿ ನೋಡಿದೆ. ಧಣಿಯೂ ಇಲ್ಲ, ರಜೆಯೂ ಇಲ್ಲ. ಇಂಗ್ಲಿಷಿನವ 1894ರಲ್ಲಿ ಬರೆದ ಪುಸ್ತಕ, 1989ರಲ್ಲಿ ಜಪಾನಿನವರು ಬಿಡಿಸಿದ 52 ಕಂತು, ಅದಕ್ಕೆ ಹಿಂದಿ ಮಾತು. ನಮ್ಮ ಚಾವಡಿಗೆ ಬರುವಾಗ ಅದು ಪೂರಾ ಬೇರೆಯೇ ಕಥೆ. ಅಣ್ಣನ ಹಿಂದಿ 'ಯಹ ಕಮಲ್ ಹೈ'ಯಿಂದ ಆಚೆ ಹೋಗಿರಲೇ ಇಲ್ಲ. ನಿಜ ಹೇಳುತ್ತೇನೆ, ಅಸಲಿ ಕಥೆ ಸಪ್ಪೆ ಅನಿಸಿತು.

ಈ ಪ್ರಾಯದಲ್ಲಿ ಯಾಕೆ ಅಂತ ಕೇಳುವವರು ಯಾರ ಪಕ್ಕದಲ್ಲಿ ಕೂತು ನೋಡಿ ಅಭ್ಯಾಸ ಆಯ್ತು ಅಂತ ಕೇಳಬಹುದಿತ್ತು. ಅಣ್ಣ ಹೇಗಿದ್ದಾನೆ ಅಂತಲಾದರೂ ಕೇಳಬಹುದಿತ್ತು. ಇದ್ದಾನೆ, ಕುವೈತಿನಲ್ಲಿ. ಫೋನಿನಲ್ಲಿ ನಮ್ಮ ಮಾತು ಎಂಬುದು ಹಂಚು ಸೋರುವುದು ಮತ್ತು ತೆಂಗಿನಕಾಯಿ ಕೊಯ್ಯಲು ಜನ ಸಿಗದ್ದು, ಅಷ್ಟೇ.

2020ರ ಮಾರ್ಚ್ ಮೊದಲ ವಾರ ಮಂಗಳೂರಿನಲ್ಲಿ 'ಆನ್‌ವರ್ಡ್' ಎಂಬ ಕಾರ್ಟೂನು ಸಿನಿಮಾ ನೋಡಿದೆ. ಮರುವಾರವೇ ಕೊರೊನಾ ಅಂತ ಥಿಯೇಟರುಗಳು ಬಾಗಿಲು ಹಾಕಿದವು. ನೀಲಿ ಮೈಯ, ಚೂಪು ಕಿವಿಯ ಅಣ್ಣ ತಮ್ಮ. ಸತ್ತ ಅಪ್ಪನನ್ನು ಒಂದು ದಿನದ ಮಟ್ಟಿಗೆ ಮಂತ್ರ ಹಾಕಿ ಕರೆಸಹೊರಟರೆ ಸೊಂಟದಿಂದ ಕೆಳಗಿನ ಭಾಗ ಮಾತ್ರ ಬರುತ್ತದೆ. ಬರೀ ಪ್ಯಾಂಟು, ಬೂಟು. ಉಳಿದರ್ಧಕ್ಕಾಗಿ ಇಬ್ಬರೂ ಹೊರಡುತ್ತಾರೆ. ಅಪ್ಪನ ಜೊತೆ ಮಾಡಬೇಕಾದ್ದನ್ನೆಲ್ಲ ತಮ್ಮ ಪಟ್ಟಿ ಬರೆದಿಟ್ಟಿರುತ್ತಾನೆ. ಕೊನೆಗೆ ನೋಡಿದರೆ ಅದನ್ನೆಲ್ಲ ಅಣ್ಣನ ಜೊತೆ ಆಗಲೇ ಮಾಡಿ ಆಗಿದೆ. ಅಪ್ಪ ಪೂರ್ತಿಯಾಗಿ ಬಂದಾಗ ಹತ್ತಿರ ಹೋಗುವುದು ಅಣ್ಣ. ತಮ್ಮ ಕಲ್ಲುರಾಶಿಯ ಹಿಂದೆ ಸಿಕ್ಕಿಹಾಕಿಕೊಂಡು ಸಂದಿಯಿಂದ ನೋಡುತ್ತಾನೆ, ಅಷ್ಟೇ. ನನ್ನ ಹಿಂದಿನ ಸಾಲಿನ ಒಂದು ಪುಟ್ಟ ಮಗು "ಈ ಅಂಕಲ್ ಅಳ್ತಿದ್ದಾರೆ" ಅಂತ ಗಟ್ಟಿಯಾಗಿಯೇ ಹೇಳಿತು.

ಮೇ ತಿಂಗಳಲ್ಲಿ ಕುವೈತಿನಲ್ಲಿ ಪೂರ್ತಿ ಕರ್ಫ್ಯೂ. ಅಣ್ಣ ಒಂದೇ ಕೋಣೆಯಲ್ಲಿ, ಇನ್ನೂ ನಾಲ್ಕು ಜನರ ಜೊತೆ. ಹಂಚು, ತೆಂಗಿನಕಾಯಿ ಎರಡೂ ಮುಗಿದ ಮೇಲೆ, "ಎಂತಾದ್ರೂ ಹೇಳು ಮಾರಾಯ, ಹೊತ್ತು ಹೋಗುವುದಿಲ್ಲ" ಅಂದ. ಆ ಸಿನಿಮಾದ ಕಥೆ ಹೇಳಿದೆ, ತುಳುವಿನಲ್ಲಿ, ಮುಕ್ಕಾಲು ಗಂಟೆ. ಕೊನೆಗೆ ಕಲ್ಲುರಾಶಿ ತೆಗೆದುಬಿಟ್ಟೆ. ಅಣ್ಣ, ತಮ್ಮ, ಅಪ್ಪ ಮೂವರೂ ಸೂರ್ಯ ಮುಳುಗುವವರೆಗೆ ಒಟ್ಟಿಗೆ ಕೂತರು ಅಂದೆ.

"ಹೌದಾ?" ಅಂದ ಅಣ್ಣ.

"ಹೌದು" ಅಂದೆ.