ನನ್ನ ಹೆಣ ತೇಲ್ತಿಲ್ಲ
ಇವತ್ತು ಬೆಳಿಗ್ಗೆ ಮಂಡ್ಯ ಹತ್ರ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಮೇಲೆ, ಗದ್ದೆಗಳಿಗೆ ನೀರು ಬಿಡೋ ನೀರಗಂಟಿ ಒಬ್ರು ಸಿಕ್ರು, ಬೀಡಿ ಹಚ್ಕೊಂಡು ತೂಬಿನ ಕಟ್ಟೆ ಮೇಲೆ ಕೂತಿದ್ರು, ಕೇಳೋದೋ ಬೇಡ್ವೋ ಅಂತ ಒದ್ದಾಡಿ ಕೊನೆಗೆ ಕೇಳೇಬಿಟ್ಟೆ.

"ಅಣ್ಣ, ರಾತ್ರಿ ಇಲ್ಲಿ ಹೆಣ ಎಸುದ್ರೆ ಬೆಳಿಗ್ಗೆ ಹೊತ್ಗೆ ಎಲ್ಲಿ ಸಿಗುತ್ತೆ?"

ಪುಣ್ಯಾತ್ಮ ಮುಖಾನೂ ತಿರುಗಿಸ್ಲಿಲ್ಲ. "ಯಾವ್ ತಿಂಗ್ಳು?"

ಏಪ್ರಿಲ್ ಅಂದೆ.

"ಬ್ಯಾಸ್ಗೇಲಿ ಕಟ್ಟು ನೀರು ಸ್ವಾಮಿ. ವಸಿ ದಿನ ಬುಡ್ತಾರೆ, ವಸಿ ದಿನ ನಿಲ್ಲುಸ್ತಾರೆ. ನೀರೇ ಇಲ್ದಿದ್ರೆ ಬಿದ್ದಲ್ಲೇ ಬಿದ್ದಿರ್ತದೆ, ಎಲ್ಲಿಗೋಯ್ತದೆ?"

ಮೂರು ತಿಂಗಳಿಂದ ಆ ಹೆಣ ತೇಲಿಸ್ಕೊಂಡು ಕೂತಿದೀನಿ ನಾನು! ನಾನು ಬರೀತಿರೋ ಕೊಲೆ ಕಾದಂಬರಿಯ ಏಳನೇ ಅಧ್ಯಾಯ ಪೂರ್ತಿ ಹೋಯ್ತು.

ಅಗಾಥಾ ಕ್ರಿಸ್ಟಿ ಮೊದಲ್ನೇ ಮಹಾಯುದ್ಧದ ಟೈಮಲ್ಲಿ ಆಸ್ಪತ್ರೆ ಔಷಧಿ ವಿಭಾಗದಲ್ಲಿ ಕೆಲಸ ಮಾಡ್ತಾ ವಿಷದ ಲೆಕ್ಕ ಎಲ್ಲ ಕಲಿತು, ಆಮೇಲೆ 1920ರಲ್ಲಿ ಮೊದಲ ಕಾದಂಬರಿ ತಂದ್ರು, ಅದ್ರಲ್ಲೂ ವಿಷಾನೇ. ನಾನು ನೋಡಿ, ಮೈಸೂರಲ್ಲಿ ಫ್ಯಾನ್ ಕೆಳಗೆ ಕೂತು ಗೂಗಲ್ ಮ್ಯಾಪ್ ನೋಡ್ಕೊಂಡು ಕೊಲೆ ಮಾಡ್ತಿದ್ದೆ. ಮ್ಯಾಪಲ್ಲಿ ನಾಲೆ ವರ್ಷ ಪೂರ್ತಿ ನೀಲಿನೇ ಇರುತ್ತಲ್ಲ.

ಥ್ಯಾಂಕ್ಸ್ ಹೇಳಿ ಗಾಡಿ ಸ್ಟಾರ್ಟ್ ಮಾಡ್ದಾಗ ಹಿಂದಿಂದ ಕೂಗುದ್ರು, "ತೂಬಿನ್ ಬಾಗ್ಲತ್ರ ಕಸ ಕಟ್ಕಂಡಿರ್ತದಲ್ಲ ಸ್ವಾಮಿ, ಅಲ್ಲಿ ಮಡುಗಿ. ನಾನೇ ನೋಡ್ದೆ ಅಂತ ಬರ್ಕಳಿ."